ಬಳ್ಳಾರಿ ಜಾಲಿನಾ ಕರಿಜಾಲಿನಾ? ತೆಗೆಸಿದವರು ಅನುಭವ ಹೇಳಿ

ಶಿರಾ ಹುಡುಗ: ಅಪ್ಪನ 3 ಎಕರೆ ಬೀಳು ಬಿದ್ದು ಪೂರ್ತಿ ಮುಳ್ಳು. ಪಕ್ಕದ ಹೊಲದವರು ಕರಿಜಾಲಿ, ಇರ್ಲಿ ಬಿಡು ಅಂತಾರೆ. ನಂಗ್ಯಾಕೋ ಬಳ್ಳಾರಿ ಜಾಲಿ ಅನ್ಸುತ್ತೆ. ತೆಗೆಸೋಕೆ ಎಷ್ಟಾಗ್ಬೋದು?

ಹಿರಿಯೂರಿನವ: ಹೂ ನೋಡಿ. ಕರಿಜಾಲಿದು ಹಳದಿ ಗುಂಡು ಹೂ, ಕಾಯಿ ಮಣಿ ಪೋಣಿಸಿದಂಗೆ. ಬಳ್ಳಾರಿ ಜಾಲಿಗೆ ಬೆರಳುದ್ದದ ಹೂ, ಹಳದಿ ಚಪ್ಪಟೆ ಕಾಯಿ. ನನ್ ಕಥೆ ಕೇಳಿ, 2019ರಲ್ಲಿ ಆಳು ಇಟ್ಟು ಕಡಿಸ್ದೆ, 22,000 ಹೋಯ್ತು, ಒಂದ್ ಮಳೆ ಬಿತ್ತು ನೋಡಿ ಬೊಡ್ಡೆಗೆ ಎಂಟೆಂಟು ಚಿಗುರು, ಮರ ಇದ್ದಿದ್ದು ಪೊದೆ ಆಯ್ತು. ಮಾರನೇ ವರ್ಷ ಜೆಸಿಬಿ, ಗಂಟೆಗೆ 1,100ರಂತೆ 19 ಗಂಟೆ, 20,900. ಡ್ರೈವರ್ ಬಾಟಾ ಬೇರೆ. ಉಳೋಕೆ ಬಂದ ಟ್ರ್ಯಾಕ್ಟರ್ ಎರಡ್ ಸಲ ಪಂಚರ್, ಅದೂ ನನ್ ತಲೆಗೇ. ಬುಡ ಸಮೇತ ಕೀಳಿಸದೆ ಒಂದ್ ರೂಪಾಯಿ ಬಿಚ್ಬೇಡಿ.

ಕೊಪ್ಪಳದಾವ: ರೊಕ್ಕ ಕೊಟ್ಟು ಕೀಳಸ್ತೀರೇನ್ರೀ? ನಮ್ ಹೊಲಕ್ಕ ಇದ್ದಿಲು ಸುಡೋರು ಬಂದು ಕಡದು ನಮಗ 9,000 ಕೊಟ್ಟು ಹೋದ್ರು. ನಮ್ಮವ್ವ ಈ ಕಟ್ಟಿಗಿ ಮ್ಯಾಲೇ ರೊಟ್ಟಿ ಬಡದು ನಮ್ಮನ್ನ ಸಾಕ್ಯಾಳ, ಬರಗಾಲದಾಗ ಹಸರು ಅಂತ ಇದ್ದದ್ದು ಇದೊಂದ.

ಹಿರಿಯೂರಿನವ: ಮೇಲೆ ಕಡ್ಕೊಂಡು ಹೋದ್ರು, ಬುಡ ಯಾರಿಗೆ ಬಿಟ್ರು? ನಮ್ಮೂರ ಕೆರೆ ಅಂಗಳ ಹಿಂಗೇ ಹಾಳಾಗಿದ್ದು, ಹುಲ್ಲು ಹುಟ್ಟಲ್ಲ, ದನ ಇಳಿಯೋಕೆ ದಾರಿ ಇಲ್ಲ. ಇನ್ನು ಕುರಿಯವ್ರು, ಕಾಯಿ ತಿನ್ನಿಸಿ ಹಿಕ್ಕೇಲಿ ಊರೆಲ್ಲ ಬಿತ್ತನೆ.

ಚಳ್ಳಕೆರೆ ಕುರಿಗಾಹಿ: ಎಲ್ಲಾದ್ಕೂ ಕುರಿ! ನೆಟ್ಟಿದ್ದು ನಾವಾ? ಹುಲ್ಲುಗಾವಲು ಹೋಗಿ ನಮಗೇ ನಷ್ಟ. ಬರೀ ಆ ಕಾಯಿ ತಿಂದು ನಮ್ಮ ಆಕಳು ದವಡೆ ಆಡಿಸೋಕಾಗ್ದೆ ಸತ್ತಿದೆ ಕಣಪ್ಪ.

ಭುಜ್ ಕನ್ನಡಿಗ: ನಾನಿರೋ ಕಚ್ಛದಲ್ಲಿ ರಣ ಅನ್ನೋ ಉಪ್ಪಿನ ಮರುಭೂಮಿ ಮುಂದೆ ಬರಬಾರ್ದು ಅಂತ 1960ರ ಆಸುಪಾಸು ಅರಣ್ಯ ಇಲಾಖೆನೇ ನೆಟ್ಟಿದ್ದು. ಈಗ ಇಲ್ಲಿನ ಬನ್ನಿ ಅನ್ನೋ ಹುಲ್ಲುಗಾವಲಲ್ಲಿ ಎಲ್ಲಿ ನೋಡಿದ್ರೂ ಇದೇ. ಹೆಸರೇ ಗಾಂಡೋ ಬಾವಳ್, ಹುಚ್ಚು ಜಾಲಿ. ಅಂದಹಾಗೆ ನಮ್ಮ ಬನ್ನಿ ಮರಕ್ಕೂ ಇದು ನೆಂಟ.

ಕೊಪ್ಪಳದಾವ: ದಸರಾಕ್ಕ ಬಂಗಾರ ಅಂತ ಕೈಗೆ ಕೊಡೋ ಬನ್ನಿಗೆ ಈ ದರಿದ್ರ ನೆಂಟನಾ? ನೋಡಿ ಮಾತಾಡ್ರಿ.

ಹಿರಿಯೂರಿನವ: ಓ, ಈಗ ದರಿದ್ರ ಆಯ್ತಾ? ಈಗಷ್ಟೇ ನಿಮ್ಮನ್ನ ಸಾಕಿತ್ತಲ್ಲ.

ಚಳ್ಳಕೆರೆ ಕುರಿಗಾಹಿ: ಅದಿರ್ಲಿ, 19 ಗಂಟೆ ಎಷ್ಟ್ ಎಕರೆಗೆ?

ಹಿರಿಯೂರಿನವ: ಒಂದೂವರೆ.

ಚಳ್ಳಕೆರೆ ಕುರಿಗಾಹಿ: ಡ್ರೈವರ್ ನಿದ್ದೆ ಮಾಡಿದ್ದಕ್ಕೂ ಬಾಟಾ ಕೊಟ್ಟಿದ್ದೀರ ಬಿಡಿ.