ಗಟ್ಟಿ ಸೀಸದ ತೋಟಾ ಹಾಕಿದರೆ ಸ್ಲೈಡ್ ಪೂರ್ತಿ ಮುಚ್ಚುತ್ತಿಲ್ಲ (10 ಎಂಎಂ ಪಿಸ್ತೂಲು, ಕರಡಿ ಕಾಡಿಗೆ). ಸೀಸನ್‌ಗೆ ಐದೇ ವಾರ!

ವಿರಾಜಪೇಟೆ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೊಂಟಾನಾದ ಬೋಜ್‌ಮನ್‌ನಲ್ಲಿ. ಅಕ್ಟೋಬರ್ ಕೊನೆಗೆ ರೈಫಲ್ ಸೀಸನ್ ಶುರುವಾಗುತ್ತದೆ. ಈ ಸಲ ನಾನೂ ಆಫೀಸಿನ ಗೆಳೆಯನೂ ಗ್ಯಾಲಟಿನ್ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೋಗುತ್ತಿದ್ದೇವೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ಆ ಕಡೆ ಗ್ರಿಜ್ಲಿ ಕರಡಿ ಇದೆ.

"ಕೈಯಲ್ಲಿ ಕೋವಿ ಇರುವಾಗ ಪಿಸ್ತೂಲು ಯಾಕೋ?" ಅಂತ ಊರಿಂದ ಅಪ್ಪ ಕೇಳಿದರು. ಬೇಟೆ ಬಿದ್ದ ಮೇಲೆ ನಮ್ಮ ಎರಡೂ ಕೈ ಮೊಣಕೈವರೆಗೆ ರಕ್ತದಲ್ಲಿರುತ್ತದೆ, ರೈಫಲ್ ಅಲ್ಲೆಲ್ಲೋ ಮರಕ್ಕೆ ಒರಗಿರುತ್ತದೆ, ಕರಡಿ ವಾಸನೆ ಹಿಡಿದು ಬರುವುದೂ ಅದೇ ಹೊತ್ತಿಗೆ ಅಂದೆ. ಸುಮ್ಮನಾದರು.

ಈಗ ಸಮಸ್ಯೆ. ನನ್ನದು 10 ಎಂಎಂ ಸೆಮಿ ಆಟೊಮ್ಯಾಟಿಕ್, ಸೆಕೆಂಡ್ ಹ್ಯಾಂಡ್. ಅದರ ಬ್ಯಾರೆಲ್ ಒಳಗಿರುವುದು ಪಾಲಿಗೋನಲ್ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೀರು, ಅಂಚು ಚೂಪಿಲ್ಲದ್ದು), ಅದರಲ್ಲಿ ಬರಿ ಸೀಸದ ಗುಂಡು ಹೊಡೆಯಬೇಡಿ ಅಂತ ಕೈಪಿಡಿಯಲ್ಲೇ ಇದೆ. ಕರಡಿಗೆ ಅಂತ ಎಲ್ಲರೂ ಹೇಳುವುದು 220 ಗ್ರೇನ್‌ನ (ಸುಮಾರು 14 ಗ್ರಾಂ) ಗಟ್ಟಿ ಸೀಸದ ಗುಂಡನ್ನೇ. ಹಾಗಾಗಿ ಬೇರೆ ಕಂಪನಿಯ ಬ್ಯಾರೆಲ್ ತರಿಸಿ ಹಾಕಿದೆ. ಜೊತೆಗೆ ಸ್ಲೈಡನ್ನು (ಹೊಡೆದಾಗ ಹಿಂದೆ ಮುಂದೆ ಸರಿಯುವ ಪಿಸ್ತೂಲಿನ ಮೇಲ್ಭಾಗ) ಮುಂದಕ್ಕೆ ತಳ್ಳುವ 17 ಪೌಂಡ್ ಸ್ಪ್ರಿಂಗ್ ತೆಗೆದು 22 ಪೌಂಡಿನದು ಹಾಕಿದೆ. ಭಾರದ ತೋಟಾಕ್ಕೆ ಭಾರದ ಸ್ಪ್ರಿಂಗ್ ಬೇಕು ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ.

ರೇಂಜಿಗೆ ಹೋಗಿ 50 ಸುತ್ತು ಹೊಡೆದೆ. ಏಳು ಸಲ ಸ್ಲೈಡ್ ಪೂರ್ತಿ ಮುಚ್ಚದೆ ಎರಡು ಮೂರು ಮಿಲಿಮೀಟರ್ ಹಿಂದೆಯೇ ನಿಂತಿತು. ಅಂಗೈಯಲ್ಲಿ ಗುದ್ದಿದರೆ ಮುಚ್ಚುತ್ತದೆ. ಅಗ್ಗದ 180 ಗ್ರೇನ್ ತೋಟಾ ಹಾಕಿದರೆ ಇನ್ನೊಂದು ಕಾಟ: ಮೂರು ಸಲ ಖಾಲಿ ಕೇಸ್ ಹೊರಗೆ ಹಾರದೆ, ಕಿಂಡಿಯಲ್ಲಿ ಒಲೆಯ ಚಿಮಣಿ ಥರ ನೆಟ್ಟಗೆ ಸಿಕ್ಕಿಕೊಂಡಿತು. ತೊಳೆದೆ, ಎಣ್ಣೆ ಬಿಟ್ಟೆ, ಮ್ಯಾಗಜೀನ್ ಬದಲಾಯಿಸಿದೆ. ಅದೇ ಕಥೆ.

ಇನ್ನೊಂದು ತಲೆನೋವು ಹೋಲ್‌ಸ್ಟರ್. ಸೊಂಟಕ್ಕೆ ಕಟ್ಟಿದರೆ ಬೆನ್ನುಚೀಲದ ಸೊಂಟಪಟ್ಟಿ ಅದರ ಮೇಲೇ ಕೂರುತ್ತದೆ. ಎದೆಗೆ ಕಟ್ಟೋಣ ಅಂದರೆ ಅಲ್ಲಿ ಆಗಲೇ ದುರ್ಬೀನಿನ ಚೀಲ ಇದೆ. ನೀವೆಲ್ಲ ಏನು ಮಾಡುತ್ತೀರಿ?

ಕ್ಯಾಮೆರಾ_ಭಟ್ಟ (ಆಂಕರೇಜ್)

ನಾನು ಬೇಟೆಯವನಲ್ಲ. ಸಸ್ಯಾಹಾರಿ. ಅಲಾಸ್ಕಾದಲ್ಲಿ ಕರಡಿಗಿಂತ ಅಪರೂಪದ ಪ್ರಾಣಿ. ಹದಿನಾಲ್ಕು ವರ್ಷದಿಂದ ಕರಡಿ ಫೋಟೊ ತೆಗೆಯುತ್ತಿದ್ದೇನೆ, ಸೊಂಟದಲ್ಲಿರುವುದು ಕರಡಿ ಓಡಿಸುವ ಮೆಣಸಿನ ಸ್ಪ್ರೇ ಮಾತ್ರ. ಬ್ಯಾರೆಲ್ಲೂ ಬೇಡ, ಸ್ಪ್ರಿಂಗೂ ಬೇಡ. ಸುಮ್ನೆ ಯಾಕೆ ಒದ್ದಾಡುತ್ತೀರಿ?

ಕಾರ್ಕಳದ_ಲೇತ್ (ಐಡಾಹೋ ಫಾಲ್ಸ್)

ಭಟ್ರೇ, ಅವರು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುವ, ಆಮೇಲೆ ನಿಮ್ಮ ಮೆಣಸಿನ ಪುಡಿ.

ಹುಡುಗ, ಬ್ಯಾರೆಲ್, ಸ್ಪ್ರಿಂಗ್ ಎರಡನ್ನೂ ಒಂದೇ ಸಲ ಬದಲಾಯಿಸಿ ಈಗ ಯಾರ ತಪ್ಪು ಅಂತ ಕೇಳಿದರೆ ಹೇಗೆ ಮಾರಾಯ್ರೇ? ನಿಮ್ಮಲ್ಲಿ ಇರುವುದು ಒಂದು ಸಮಸ್ಯೆ ಅಲ್ಲ, ಎರಡು. ಎರಡಕ್ಕೂ ಸಂಬಂಧ ಇಲ್ಲ.

ಮೊದಲು ಬ್ಯಾರೆಲ್. ಮ್ಯಾಗಜೀನ್ ತೆಗೆಯಿರಿ. ಚೇಂಬರ್ (ಬ್ಯಾರೆಲ್ಲಿನ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳು ಹಾಕಿಯೂ ನೋಡಿ. ಬ್ಯಾರೆಲ್ ಬಿಚ್ಚಿ ಹೊರಗೆ ತೆಗೆದು, ಮೂತಿ ಕೆಳಗೆ ಮಾಡಿ ಹಿಡಿಯಿರಿ. ಈಗ ಒಂದು ತೋಟಾವನ್ನು ಚೇಂಬರ್ ಒಳಗೆ ಬಿಡಿ, ಒತ್ತಬೇಡಿ. ಟಕ್ ಅಂತ ಬೀಳಬೇಕು. ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಬ್ಯಾರೆಲ್ ಮಗುಚಿದರೆ ತಾನಾಗಿ ಜಾರಿ ಹೊರಗೆ ಬರಬೇಕು. ಮೂರರಲ್ಲಿ ಒಂದು ಆಗದಿದ್ದರೂ ಆ ಬ್ಯಾರೆಲ್ಲಿಗೆ ಆ ತೋಟಾ ಆಗಿಬರುವುದಿಲ್ಲ.

ಎಲ್ಲಿ ಹಿಡಿಯುತ್ತದೆ ಅಂತ ಗೊತ್ತಾಗಬೇಕಾದರೆ ಕಪ್ಪು ಮಾರ್ಕರ್‌ನಿಂದ ಗುಂಡಿಗೂ ಕೇಸಿನ ಬಾಯಿಗೂ ಬಣ್ಣ ಬಳಿದು, ಮತ್ತೆ ಬಿಟ್ಟು, ಸ್ವಲ್ಪ ತಿರುಗಿಸಿ ತೆಗೆಯಿರಿ. ಬಣ್ಣ ಕೆರೆದುಹೋದ ಜಾಗವೇ ಕಳ್ಳ. ಹಳೆಯ ಬ್ಯಾರೆಲ್ಲಿಗೂ ಇದನ್ನೇ ಮಾಡಿ. ಮನೆಯೊಳಗೆ ನಿಜವಾದ ತೋಟಾ ಹಿಡಿದು ಮಾಡುವ ಕೆಲಸ, ಪಿಸ್ತೂಲಿನ ಉಳಿದ ಭಾಗ ಬೇರೆ ಕೋಣೆಯಲ್ಲಿರಲಿ.

ವಿರಾಜಪೇಟೆ_ಹುಡುಗ

ಈಗಷ್ಟೇ ಮಾಡಿದೆ. ಹಳೆಯ ಬ್ಯಾರೆಲ್: ಟಕ್, ತಿರುಗಿತು, ಹೊರಗೆ ಬಿತ್ತು. ಹೊಸ ಬ್ಯಾರೆಲ್: ಟಕ್ ಇಲ್ಲ, ತುಪ್ ಅಂತ ಮೆತ್ತಗೆ ಕೂತಿತು. ತೋಟಾದ ಬುಡ ಬ್ಯಾರೆಲ್ ಅಂಚಿಗಿಂತ ಮೇಲೇ ನಿಂತಿದೆ. ಮಗುಚಿದರೂ ಬರಲಿಲ್ಲ, ಉಗುರಲ್ಲಿ ಎಳೆದು ತೆಗೆದೆ. ಮಾರ್ಕರ್ ಬಣ್ಣ ಗುಂಡಿನ ಭುಜದಲ್ಲಿ, ಕೇಸಿನ ಬಾಯಿಗಿಂತ ಚೂರು ಮುಂದೆ, ಉಂಗುರದ ಥರ ಕೆರೆದುಹೋಗಿದೆ. 180 ಗ್ರೇನಿನದು ಎರಡರಲ್ಲೂ ಟಕ್.

ಕಾರ್ಕಳದ_ಲೇತ್

ಸಿಕ್ಕಿತಲ್ಲ! ನಿಮ್ಮ 220 ಗ್ರೇನ್ ಗುಂಡಿಗೆ ಅಗಲ ಮೂತಿ, ದಪ್ಪ ಭುಜ. ಹೊಸ ಬ್ಯಾರೆಲ್ಲಿನ ಗಂಟಲು ಗಿಡ್ಡ. ಚೇಂಬರ್ ಮುಗಿದ ಕೂಡಲೇ ರೈಫ್ಲಿಂಗ್ ಶುರು. ಭುಜ ಹೋಗಿ ಅದಕ್ಕೇ ಒತ್ತಿಕೊಳ್ಳುತ್ತದೆ, ಸ್ಲೈಡ್ ಅಲ್ಲೇ ನಿಲ್ಲುತ್ತದೆ. ಗುದ್ದಿದರೆ ಮುಚ್ಚುತ್ತದೆ ನಿಜ. ಆದರೆ ಕರಡಿ ಎದುರಿಗಿರುವಾಗ ಗುದ್ದುತ್ತಾ ಕೂರುತ್ತೀರಾ? ಗನ್‌ಸ್ಮಿತ್ ಹತ್ತಿರ ಕೊಟ್ಟರೆ ಗಂಟಲನ್ನು ಒಂಚೂರು ಕೊರೆದು ಕೊಡುತ್ತಾನೆ. ಐದು ವಾರದಲ್ಲಿ ಅದನ್ನು ನಂಬಬೇಡಿ, ಸೀಸನ್ ಹೊತ್ತಿಗೆ ಅವರ ಹತ್ತಿರ ಸಾಲು ಇರುತ್ತದೆ.

ನಾನಾದರೆ ಹಳೆಯ ಬ್ಯಾರೆಲ್ಲೇ ಹಾಕುತ್ತೇನೆ. ಅದರಲ್ಲಿ ಬರಿ ಸೀಸ ಬೇಡ. ಎಷ್ಟೋ ಜನ ಹೊಡೆಯುತ್ತಾರೆ, ಆದರೆ ಸೀಸ ಒಳಗೆ ಮೆತ್ತಿಕೊಂಡು ಒತ್ತಡ ಏರಿದರೆ ಹೋಗುವುದು ನಿಮ್ಮ ಬೆರಳು. ತಾಮ್ರದ ಕವಚ ಇರುವ 200 ಗ್ರೇನ್ ಚಪ್ಪಟೆ ಮೂತಿಯದು ಸಿಗುತ್ತದೆ, ಪೂರ್ತಿ ತಾಮ್ರದ ಗಟ್ಟಿ ಗುಂಡೂ ಸಿಗುತ್ತದೆ. ಮನುಷ್ಯರಿಗೆ ಅಂತ ಮಾಡಿದ, ಒಳಗೆ ಹೋಗಿ ಅರಳುವ ಟೊಳ್ಳು ಮೂತಿಯದು ಬೇಡ. ಕರಡಿಯ ಕೊಬ್ಬು, ಮಾಂಸ, ಮೂಳೆ ದಾಟಿ ಒಳಗೆ ಹೋಗಬೇಕು, ಇಲ್ಲಿ ಬೇಕಾದ್ದು ಆಳ.

ಎರಡನೆಯದು ಆ 22 ಪೌಂಡಿನ ಸ್ಪ್ರಿಂಗ್. ಅಗ್ಗದ ತೋಟಾದಲ್ಲಿ ಅಷ್ಟು ಜೋರಿಲ್ಲ. ಸ್ಲೈಡ್ ಪೂರ್ತಿ ಹಿಂದೆ ಹೋಗುವ ಮೊದಲೇ ವಾಪಸ್ಸು ಬರುತ್ತದೆ, ಖಾಲಿ ಕೇಸ್ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಭಾರದ ತೋಟಾದಲ್ಲಿ ಇನ್ನೊಂದು ತರಲೆ: ಮ್ಯಾಗಜೀನ್ ಮುಂದಿನ ತೋಟಾವನ್ನು ಮೇಲೆತ್ತುವ ಮೊದಲೇ ಸ್ಲೈಡ್ ಬಂದುಬಿಟ್ಟರೆ ಗುಂಡಿನ ಮೂಗು ಕೆಳಗೆ ಮುಗ್ಗರಿಸುತ್ತದೆ. 17 ವಾಪಸ್ ಹಾಕಿ. ಮಣಿಕಟ್ಟು ಸಡಿಲ ಬಿಟ್ಟರೂ ಇದೇ ಆಗುತ್ತದೆ, ಬಿಗಿಯಾಗಿ ಹಿಡಿಯಿರಿ.

ಹಾಂ, ಎಣ್ಣೆ ಬಿಟ್ಟೆ ಅಂದಿರಿ. ಎಷ್ಟು ಬಿಟ್ಟಿರಿ? ಮೈನಸ್ ಹದಿನೈದರಲ್ಲಿ ದಪ್ಪ ಎಣ್ಣೆ ಗೋಂದಾಗುತ್ತದೆ. ಒಂದೆರಡು ಹನಿ, ಅದೂ ತೆಳ್ಳಗಿನದು.

ಪೈನ್_ಅಕ್ಕ (ಕೋಡಿ, ವಯೋಮಿಂಗ್)

ಹೋಲ್‌ಸ್ಟರ್ ವಿಷಯ ನಾನು ಹೇಳುತ್ತೇನೆ ತಮ್ಮಾ. ಗ್ರಿಜ್ಲಿ ಗಂಟೆಗೆ 56 ಕಿಲೋಮೀಟರ್ ಓಡುತ್ತದೆ. 30 ಮೀಟರ್ ದೂರದಿಂದ ನಿನ್ನ ಹತ್ತಿರ ಬರಲು ಎರಡು ಸೆಕೆಂಡು ಸಾಕು. ಸೊಂಟದಲ್ಲಿ, ಜಾಕೆಟ್ ಕೆಳಗೆ, ಪಟ್ಟಿ ಕೆಳಗೆ ಇಟ್ಟರೆ ಅದು ಪಿಸ್ತೂಲಲ್ಲ, ಹೊರೆ.

ಎದೆಗೇ ಕಟ್ಟು. ದುರ್ಬೀನಿನ ಚೀಲದ ಪಟ್ಟಿ ಬಿಗಿ ಮಾಡಿ ಅದನ್ನು ಎರಡು ಬೆರಳು ಮೇಲಕ್ಕೆ ತೆಗೆದುಕೊ. ಅದರ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಹೋಲ್‌ಸ್ಟರ್ ಓರೆಯಾಗಿ ಕೂರುತ್ತದೆ. ಮೊದಲು ಹೋಲ್‌ಸ್ಟರ್ ಪಟ್ಟಿ, ಅದರ ಮೇಲೆ ದುರ್ಬೀನು, ಕೊನೆಗೆ ಬೆನ್ನುಚೀಲ. ಈ ಕ್ರಮ ತಪ್ಪಿದರೆ ಚೀಲ ಇಳಿಸಿದಾಗ ಹೋಲ್‌ಸ್ಟರೂ ಜೊತೆಗೆ ಇಳಿಯುತ್ತದೆ, ಎಲ್ಕ್ ಕೊಯ್ಯುವಾಗ ಅದು ಚೀಲದ ಹತ್ತಿರವೇ ಉಳಿಯುತ್ತದೆ. ನನಗೆ ಒಮ್ಮೆ ಹಾಗೇ ಆಗಿತ್ತು. ಹೆಣ್ಣು ಕರಡಿ, ಎರಡು ಮರಿ, ನಲವತ್ತು ಹೆಜ್ಜೆ ದೂರ. ನನ್ನ ಪಿಸ್ತೂಲು ಹತ್ತು ಹೆಜ್ಜೆ ಆಚೆ. ಕರಡಿ ತನ್ನ ಪಾಡಿಗೆ ಹೋಯಿತು. ನನಗೆ ಮಾತ್ರ ಚಾಕು ಎತ್ತಲು ಕೈ ಬರಲಿಲ್ಲ ಅರ್ಧ ಗಂಟೆ.

ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇರಲಿ, ಬಟ್ಟೆಯದು ಬೇಡ. ಎದೆಯಿಂದ ಎಳೆಯುವಾಗ ಮೂತಿ ನಿನ್ನ ಎಡಗೈಯನ್ನೋ ಗೆಳೆಯನನ್ನೋ ಹಾದು ಹೋಗುತ್ತದೆ. ಹಾಗಾಗಿ ಪೂರ್ತಿ ಖಾಲಿ ಮಾಡಿ, ಬೇಟೆಗೆ ಹೋಗುವಾಗಿನ ಎಲ್ಲ ಬಟ್ಟೆ, ಗ್ಲೌಸ್, ಚೀಲ ಹಾಕಿಕೊಂಡು ದಿನಾ ಇಪ್ಪತ್ತು ಸಲ ಎಳೆ. ಮೊದಲ ದಿನ ನನಗೆ ನಾಲ್ಕು ಸೆಕೆಂಡ್ ಹಿಡಿದಿತ್ತು.

ನನ್ನ ಹತ್ತಿರ ಇರುವುದು .44 ಮ್ಯಾಗ್ನಂ ರಿವಾಲ್ವರ್, ಆರೇ ಗುಂಡು, ಒದೆತ ಕತ್ತೆಯದು. ಆದರೂ ಬಿಟ್ಟಿಲ್ಲ. ಕರಡಿ ಮೈಮೇಲೆ ಬಿದ್ದಾಗ ಮೂತಿಯನ್ನು ಅದರ ಮೈಗೆ ಒತ್ತಿದರೆ ಸೆಮಿ ಆಟೊಮ್ಯಾಟಿಕ್‌ನ ಸ್ಲೈಡ್ ಹಿಂದೆ ಸರಿದು ಗುಂಡು ಹಾರದೇ ಇರಬಹುದು. ರಿವಾಲ್ವರ್‌ಗೆ ಆ ಕಾಟ ಇಲ್ಲ. ನಿನಗೆ 10 ಎಂಎಂ ಕೈಗೆ ಕೂತಿದ್ದರೆ ಅದೇ ಇರಲಿ. ಗ್ರೀನ್‌ಲ್ಯಾಂಡ್‌ನಲ್ಲಿ ಡೆನ್ಮಾರ್ಕಿನ ಸಿರಿಯಸ್ ನಾಯಿಬಂಡಿ ಪಹರೆಯವರು ಹಿಮಕರಡಿಗೆ ಅಂತ ಇಟ್ಟುಕೊಳ್ಳುವುದೂ 10 ಎಂಎಂ ಪಿಸ್ತೂಲನ್ನೇ.

ಕ್ಯಾಮೆರಾ_ಭಟ್ಟ

ಈಗ ನನ್ನ ಮೆಣಸಿನ ಪುಡಿಗೆ ಜಾಗ ಉಂಟಾ? ಅಲಾಸ್ಕಾದಲ್ಲಿ ಸ್ಪ್ರೇ ಬಳಸಿದ 83 ಘಟನೆಗಳ ಅಧ್ಯಯನ 2008ರಲ್ಲಿ ಬಂತು. ಕಂದು ಕರಡಿಗಳಲ್ಲಿ 92 ಶೇಕಡಾ ಸಲ ಸ್ಪ್ರೇ ಕೆಲಸ ಮಾಡಿತ್ತು. ಗ್ರಿಜ್ಲಿಯೂ ಅದೇ ಜಾತಿ.

ಕಾರ್ಕಳದ_ಲೇತ್

ಅದೇ ತಂಡದವರು 2012ರಲ್ಲಿ ಬಂದೂಕಿನ 269 ಘಟನೆ ನೋಡಿದರು. ಕೈಬಂದೂಕಿಗೆ 84, ಉದ್ದ ಕೋವಿಗೆ 76 ಶೇಕಡಾ. ಅರ್ಧ ಓದಿ ಹೇಳಬೇಡಿ.

ಕ್ಯಾಮೆರಾ_ಭಟ್ಟ

ಪೂರ್ತಿ ಓದಿದ್ದೇನೆ ಮಾರಾಯ್ರೇ. ಎರಡನ್ನೂ ಪಕ್ಕದಲ್ಲಿಟ್ಟು ತೂಗುವ ಹಾಗಿಲ್ಲ. ಸ್ಪ್ರೇ ಪಟ್ಟಿಯಲ್ಲಿ ಸುಮ್ನೆ ಕುತೂಹಲಕ್ಕೆ ಬಂದ ಕರಡಿಗಳೂ ಇವೆ. ಬಂದೂಕಿನ ಪಟ್ಟಿಯಲ್ಲಿ ಮೈಮೇಲೆ ಬಂದವೇ ಜಾಸ್ತಿ. ನಾನು ಹೇಳುವುದು ಇಷ್ಟೇ: ಸ್ಪ್ರೇಗೆ ಗುರಿ ಬೇಕಿಲ್ಲ, ಮೋಡದ ಹಾಗೆ ಹರಡುತ್ತದೆ, ಒಂದು ಕೈ ಸಾಕು. ಗೆಳೆಯನ ಮೇಲೆ ಕರಡಿ ಬಿದ್ದಿದ್ದರೆ ಅವನ ಮೇಲೇ ಹೊಡೆದರೂ ಅವನು ಸಾಯುವುದಿಲ್ಲ. ಪಿಸ್ತೂಲಲ್ಲಿ ಹಾಗೆ ಮಾಡಲಾದೀತೇ?

ಚಳಿಯಲ್ಲಿ ಒತ್ತಡ ಕಡಿಮೆಯಾಗಿ ದೂರ ಹೋಗುವುದಿಲ್ಲ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳಿ. ಡಬ್ಬಿ ಮೇಲಿನ ದಿನಾಂಕ ನೋಡಿ. ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ. ಬಿಸಿಲಿಗೆ ನಿಂತ ಕಾರಿನಲ್ಲಂತೂ ಬಿಟ್ಟುಹೋಗಬೇಡಿ, ಒಡೆದರೆ ಕಾರು ಮಾರಬೇಕು.

ಪೈನ್_ಅಕ್ಕ

ಎರಡೂ ಇರಲಿ ತಮ್ಮಾ. ಸ್ಪ್ರೇ ಎಡ ಸೊಂಟಕ್ಕೆ, ಪಟ್ಟಿಯ ಮೇಲೆ. ಒಬ್ಬ ಕೊಯ್ಯುವಾಗ ಇನ್ನೊಬ್ಬ ನಿಂತು ಕಾಯಬೇಕು, ಮೊಬೈಲ್ ನೋಡುವುದಲ್ಲ. ಕತ್ತಲಾಗಿ ಮಾಂಸ ಬಿಟ್ಟು ಬರಬೇಕಾದರೆ ಕರುಳಿನ ರಾಶಿಯಿಂದ ದೂರ ಎಳೆದು, ದೂರದಿಂದಲೇ ಕಾಣುವ ಬಯಲಲ್ಲಿ ಇಡಿ. ಬೆಳಿಗ್ಗೆ ಹೋಗುವಾಗ ಗಟ್ಟಿಯಾಗಿ ಮಾತಾಡುತ್ತಾ ಹೋಗಿ, ದುರ್ಬೀನಿನಲ್ಲಿ ನೋಡಿ ಆಮೇಲೆ ಹತ್ತಿರ ಹೋಗಿ. ಕರಡಿ ಅದರ ಮೇಲೆ ಮಣ್ಣು, ಕಡ್ಡಿ ಎಳೆದು ಮುಚ್ಚಿದ್ದರೆ ಆ ಎಲ್ಕ್ ಇನ್ನು ಕರಡಿಯದು. ವಾಪಸ್ ಬನ್ನಿ.

ಗ್ರಿಜ್ಲಿಗೆ 1975ರಿಂದ ಕೇಂದ್ರ ಸರ್ಕಾರದ ರಕ್ಷಣೆ ಇದೆ. ಜೀವ ಉಳಿಸಿಕೊಳ್ಳಲು ಹೊಡೆಯಬಹುದು. ಹೊಡೆದರೆ ಐದು ದಿನದೊಳಗೆ ತಿಳಿಸಬೇಕು ಅಂತ ನಿಯಮ, ನೀನು ಸಿಗ್ನಲ್ ಸಿಕ್ಕ ಕೂಡಲೇ ಫೋನ್ ಮಾಡು. ಜಾಗದಲ್ಲಿ ಒಂದು ಖಾಲಿ ಕೇಸನ್ನೂ ಮುಟ್ಟಬೇಡ.

ಬಾಯ್ಸಿ_ಹೊಸಬ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಾನು ಎಚ್-1ಬಿ ಮೇಲಿದ್ದೇನೆ. ಗೆಳೆಯರ ಜೊತೆ ಹೋದಾಗ ಅವರ ಪಿಸ್ತೂಲು ಇಟ್ಟುಕೊಳ್ಳಬಹುದಾ?

ಪೈನ್_ಅಕ್ಕ

ಒಳ್ಳೆ ಹೊತ್ತಿಗೆ ಕೇಳಿದೆ. ಎಚ್-1ಬಿ ಥರದ ವೀಸಾದವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದು ಇಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ, ಒಂದೆರಡು ವಿನಾಯಿತಿ ಬಿಟ್ಟರೆ. ಅದರಲ್ಲೊಂದು, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಎಡವುವುದು ಎಲ್ಲಿ ಅಂದರೆ, ಮೊಂಟಾನಾದಲ್ಲಿ ಲೈಸೆನ್ಸ್ ವರ್ಷ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಮಾರ್ಚ್ 1ಕ್ಕೆ ಹೊಸದು ತೆಗೆಯದೆ ಪಿಸ್ತೂಲು ಬೀರುವಿನಲ್ಲಿ ಇದ್ದರೂ ತಪ್ಪೇ. ವೀಸಾಕ್ಕೇ ಕುತ್ತು. ರಾಜ್ಯದ ಕಾನೂನು ಬೇರೆ ಇರುತ್ತದೆ. ವಕೀಲರನ್ನು ಕೇಳದೆ ಮುಟ್ಟಬೇಡ. ಸ್ಪ್ರೇಗೆ ಇದ್ಯಾವ ರಗಳೆಯೂ ಇಲ್ಲ.

ಕ್ಯಾಮೆರಾ_ಭಟ್ಟ

ಕೊನೆಯ ಸಾಲು ದಪ್ಪಕ್ಷರದಲ್ಲಿ ಬರೆಯಬೇಕಿತ್ತು ಅಕ್ಕಾ.

ವಿರಾಜಪೇಟೆ_ಹುಡುಗ

ಮೂರು ವಾರದ ನಂತರದ ಸುದ್ದಿ. ಹಳೆಯ ಬ್ಯಾರೆಲ್, 17 ಪೌಂಡ್ ಸ್ಪ್ರಿಂಗ್, 200 ಗ್ರೇನ್ ತಾಮ್ರದ ಕವಚದ ತೋಟಾ. 120 ಸುತ್ತು ಹೊಡೆದೆ, ಕೊನೆಯ 40 ಗ್ಲೌಸ್ ಹಾಕಿಕೊಂಡು. ಒಂದೂ ಸಿಕ್ಕಿಕೊಳ್ಳಲಿಲ್ಲ. ಅಗ್ಗದ ತೋಟಾವೂ ಸಲೀಸಾಗಿ ಹೋಯಿತು. ಒಂದು ಕೈಯಲ್ಲಿ ಹೊಡೆದಾಗ ಒಮ್ಮೆ ಮೂಗು ಮುಗ್ಗರಿಸಿತು, ಮಣಿಕಟ್ಟು ಸಡಿಲ ಬಿಟ್ಟಿದ್ದೆ. ಅದು ನನ್ನ ತಪ್ಪು.

ಎದೆಯಿಂದ ಎಳೆಯುವುದು 3.8 ಸೆಕೆಂಡಿನಿಂದ 1.9ಕ್ಕೆ ಬಂದಿದೆ. ದುರ್ಬೀನಿನ ಚೀಲದ ಮುಚ್ಚಳ ತೆರೆದಿದ್ದರೆ ಕೈ ಅದಕ್ಕೆ ತಾಗುತ್ತದೆ, ಅಲ್ಲಿಗೊಂದು ಚಿಕ್ಕ ರಬ್ಬರ್ ಪಟ್ಟಿ ಹೊಲಿಸಿದೆ. ಸ್ಪ್ರೇ ಎರಡು ತಂದೆವು. ಅಭ್ಯಾಸಕ್ಕೆ ಅಂತ ಖಾರ ಇಲ್ಲದ ಡಬ್ಬಿ ಸಿಗುತ್ತದೆ, ಹಿತ್ತಲಲ್ಲಿ ಹೊಡೆದು ನೋಡಿದೆವು. ಎದುರುಗಾಳಿಗೆ ಅರ್ಧ ನಮ್ಮ ಮುಖಕ್ಕೇ ಬಂತು.

ಅಪ್ಪನಿಗೆ ಫೋಟೊ ಕಳಿಸಿದೆ. "ಕೈಲ್ ಮುಹೂರ್ತಕ್ಕೆ ಇದಕ್ಕೂ ತೋಕ್ ಪೂ ಇಟ್ಟೆಯಾ?" ಅಂದರು. ನಮ್ಮ ಕೊಡಗಿನ ಆಯುಧಪೂಜೆಯಲ್ಲಿ ಕೋವಿಗೆ ಇಡುವ ಹೂವು ಅದು. ಇಲ್ಲಿ ಎಲ್ಲಿ ಸಿಗಬೇಕು.

ಕಾರ್ಕಳದ_ಲೇತ್

ಆ ಹೊಸ ಬ್ಯಾರೆಲ್ ಏನು ಮಾಡುತ್ತೀರಿ? ಬೇಡದಿದ್ದರೆ ನನಗೆ ಕಳಿಸಿ, ಗಂಟಲು ಕೊರೆದು ನೋಡುತ್ತೇನೆ.

ವಿರಾಜಪೇಟೆ_ಹುಡುಗ

ಅಂಚೆ ಖರ್ಚು ನಿಮ್ಮದು. ಉಳಿದ 43 ಸೀಸದ ತೋಟಾ ಬೇಕಾದರೆ ನೀವೇ ಬಂದು ತೆಗೆದುಕೊಂಡು ಹೋಗಬೇಕು. ಬರುವಾಗ ಮನೆಯಲ್ಲಿ ನೀರುದೋಸೆ ಇದ್ದರೆ ಕಟ್ಟಿಸಿಕೊಂಡು ಬನ್ನಿ.