‘ಬಿರೀವ್ಡ್’ ಎಂಬ ಇಂಗ್ಲಿಷ್ ಪದದ ಮೂಲಾರ್ಥವೇನು?

ಪ್ರಶ್ನೆ (ಮಂಡ್ಯದಿಂದ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಸಹಕಾರ ಸಂಘದಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವವನು. ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡಾಗ ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಒಂದು ಸಂತಾಪ ಪತ್ರ ಬಂದಿತ್ತು. ಹನ್ನೊಂದನೆಯ ದಿನದ ತಿಥಿಯಲ್ಲಿ ಓದಿ ಹೇಳಲೆಂದು ಯಾರೋ ಅದನ್ನು ಕನ್ನಡಕ್ಕೆ ತಂದು, ‘ಬಿರೀವ್ಡ್ ಫ್ಯಾಮಿಲಿ’ ಎಂದಿದ್ದ ಕಡೆ ‘ಅಗಲಿದ ಕುಟುಂಬಕ್ಕೆ ನಮ್ಮ ಸಾಂತ್ವನ’ ಎಂದು ಬರೆದುಬಿಟ್ಟಿದ್ದರು. ಓದುವುದಕ್ಕೆ ಮೊದಲೇ ಕಣ್ಣಿಗೆ ಬಿತ್ತು. ಇಲ್ಲದಿದ್ದರೆ ಮನೆಮಂದಿಯೆಲ್ಲ ಒಟ್ಟಿಗೇ ಹೋದಂತಾಗುತ್ತಿತ್ತು. ಈ ಪದಕ್ಕೆ ಸರಿಯಾದ ಅರ್ಥವೇನು, ಅದು ಎಲ್ಲಿಂದ ಬಂದದ್ದು, ‘ಬಿರೆಫ್ಟ್’ ಎಂಬುದೂ ಇದೇ ಪದವಾದರೆ ಎರಡು ರೂಪಗಳೇಕೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ಮೈಸೂರಿನಿಂದ, ಇಂಗ್ಲಿಷ್ ಅಧ್ಯಾಪಕಿ)

ಈ ಪದದ ಬುಡದಲ್ಲಿ ಇರುವುದು ದುಃಖವಲ್ಲ, ದರೋಡೆ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಬೆರೇಅವಿಯನ್’ ಎಂಬುದಕ್ಕೆ ಹತ್ತಿರವಾಗಿತ್ತು. ಅದರೊಳಗಿನ ‘ರೇಅವಿಯನ್’ ಎಂಬ ಕ್ರಿಯಾಪದಕ್ಕೆ ದೋಚು, ಸುಲಿಗೆ ಮಾಡು ಎಂದೇ ಅರ್ಥ. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ರೌಬೆನ್’ ಎಂದರೆ ಸುಲಿಗೆ ಮಾಡುವುದು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯಲ್ಲಿ 17ನೇ ಶತಮಾನದ ಆರಂಭದವರೆಗೂ ದನ ಹೊಡೆದುಕೊಂಡು ಹೋಗುತ್ತಿದ್ದ ತಂಡಗಳವರನ್ನು ‘ರೀವರ್’ ಎನ್ನುತ್ತಿದ್ದರು, ಅದೂ ಇದೇ ಪದ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಕಾಣುವ ತುರುಗೊಳ್ ಕಾಳಗವನ್ನು ನೆನೆದರೆ ಆ ಜನ ಎಂಥವರೆಂಬುದು ಬೇರೆ ಹೇಳಬೇಕಾಗಿಲ್ಲ.

‘ರಾಬ್’ ಎಂಬ ಪದ ಫ್ರೆಂಚ್ ದಾರಿಯಲ್ಲಿ ಸುತ್ತಿ ಬಂದರೂ ಅದರ ಬೇರು ಇದೇ ಜರ್ಮ್ಯಾನಿಕ್ ಪದ. ಸೋತ ಶತ್ರುವಿನ ಮೈಮೇಲಿಂದ ಕಳಚಿಕೊಂಡ ಬಟ್ಟೆಯೂ ಕೊಳ್ಳೆಯೇ ಆಗಿದ್ದುದರಿಂದ, ಹಳೆಯ ಫ್ರೆಂಚಿನಲ್ಲಿ ಕೊಳ್ಳೆ ಎಂಬ ಅರ್ಥವಿದ್ದ ‘ರೋಬ್’ ಕ್ರಮೇಣ ನಿಲುವಂಗಿಯ ಹೆಸರಾಯಿತು. ಘಟಿಕೋತ್ಸವದಲ್ಲಿ ನಾವು ಗಂಭೀರವಾಗಿ ತೊಟ್ಟು ನಿಲ್ಲುವ ಉಡುಪಿನ ಹೆಸರಿಗೆ ಇಂಥ ಪೂರ್ವಾಶ್ರಮವಿದೆ ಎಂಬುದು ನನಗೆ ಪ್ರತಿವರ್ಷವೂ ನಗು ತರಿಸುತ್ತದೆ.

ಎರಡು ರೂಪಗಳ ವಿಷಯ ಸರಳವಾದದ್ದು. ‘ಲೀವ್’ ಎಂಬುದು ‘ಲೆಫ್ಟ್’ ಆದಂತೆಯೇ ‘ಬಿರೀವ್’ ಎಂಬುದು ‘ಬಿರೆಫ್ಟ್’ ಆಯಿತು. ನಿಯಮದಂತೆ ಬೆಳೆದ ‘ಬಿರೀವ್ಡ್’ ಕೂಡ 14ನೇ ಶತಮಾನದಿಂದಲೂ ಅದರ ಜೊತೆಯಲ್ಲೇ ಉಳಿದುಬಂತು. ಮೊದಲಿಗೆ ಚಿನ್ನ, ಭೂಮಿ, ಆಯುಧ, ಏನನ್ನು ಕಿತ್ತುಕೊಂಡರೂ ಈ ಪದ ಸಲ್ಲುತ್ತಿತ್ತು. 17ನೇ ಶತಮಾನದ ನಡುವಿನಿಂದೀಚೆಗೆ ಅದು ಹೆಚ್ಚಾಗಿ ಜೀವ, ಭರವಸೆ, ಪ್ರೀತಿಪಾತ್ರರು, ಹೀಗೆ ಬೆಲೆ ಕಟ್ಟಲಾಗದವುಗಳಿಗೆ ಮೀಸಲಾಯಿತು. ಈಗ ಸಾವಿನಿಂದ ಆಪ್ತರನ್ನು ಕಳೆದುಕೊಂಡವರು ‘ಬಿರೀವ್ಡ್’. ಭರವಸೆಯೋ ಮಾತೋ ಬುದ್ಧಿಯೋ ಇಲ್ಲವಾದವರು ‘ಬಿರೆಫ್ಟ್’.

ಉತ್ತರ 2 (ಮೈಸೂರಿನಿಂದ)

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈ ಬೇರನ್ನು ಇನ್ನೂ ಹಿಂದಕ್ಕೆ ಹಿಡಿದು ಹೋದರೆ ಮುರಿ, ಕಿತ್ತುಕೊ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವೊಂದು ಸಿಗುತ್ತದೆ. ಲ್ಯಾಟಿನ್ ಮೂಲಕ ಬಂದ ‘ರಪ್ಚರ್’ ಎಂಬ ಪದವೂ ಅದರದೇ. ಸಂಸ್ಕೃತದ ‘ಲುಪ್’ ಧಾತುವನ್ನೂ ನಿಘಂಟುಕಾರರು ಅದರ ಜೊತೆಗೆ ಇಡುತ್ತಾರೆ. ‘ಊರು’, ‘ಇಂದ’ ಸೇರಿ ‘ಊರಿಂದ’ ಆಗುವಾಗ ಬಿಟ್ಟುಹೋಗುವ ಉಕಾರಕ್ಕೆ ನಾವು ಶಾಲೆಯಲ್ಲಿ ಹೇಳಿಕೊಂಡ ‘ಲೋಪ’ ಎಂಬ ಹೆಸರು ಆ ಧಾತುವಿನಿಂದಲೇ ಬಂದದ್ದು.

‘ಲೂಟಿ’ಯ ಮೂಲವನ್ನು ಕಳವಿನ ಮಾಲು ಎಂಬ ಅರ್ಥದ ಸಂಸ್ಕೃತದ ‘ಲೋಪ್ತ್ರ’ದಲ್ಲಿ ಕಾಣುವವರಿದ್ದಾರೆ, ‘ಲುಂಠ್’ ಧಾತುವಿನಲ್ಲಿ ಕಾಣುವವರೂ ಇದ್ದಾರೆ. ಮೊದಲಿನವರ ಮಾತು ನಿಂತರೆ, 18ನೇ ಶತಮಾನದ ಕೊನೆಯ ಹೊತ್ತಿಗೆ ಹಿಂದಿಯಿಂದ ಇಂಗ್ಲಿಷಿಗೆ ಹೋದ ‘ಲೂಟ್’ ಅಲ್ಲಿ ತನ್ನ ದೂರದ ದಾಯಾದಿಯ ಮನೆಗೇ ಹೊಕ್ಕಂತಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾತ್ರಿಯೆಲ್ಲ ಕಂಪನಿಯ ಸೈನಿಕರು ಪೇಟೆಯನ್ನೂ ಅರಮನೆಯನ್ನೂ ದೋಚಿದ್ದು ನಮ್ಮವರಿಗೆ ಗೊತ್ತಿರುವ ಚರಿತ್ರೆ; ಟಿಪ್ಪುವಿನ ಮರದ ಹುಲಿ ಈಗಲೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಉತ್ತರ 3 (ಶ್ರೀರಂಗಪಟ್ಟಣದಿಂದ)

ಇಬ್ಬರ ವಿವರಣೆಯೂ ಸ್ವಾರಸ್ಯವಾಗಿದೆ. ಆದರೆ ಸಂತಾಪ ಪತ್ರ ಬರೆದವರ ಮನಸ್ಸಿನಲ್ಲಿ ಕಳ್ಳನೂ ಇರಲಿಲ್ಲ, ಕೊಳ್ಳೆಯೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಪದದ ಹುಟ್ಟೇ ಅದರ ಇಂದಿನ ಅರ್ಥವಲ್ಲ. ಆ ಕಿತ್ತುಕೊಳ್ಳುವ ಕೈ ಕಣ್ಣಿಗೆ ಕಾಣಬೇಕಾದರೆ 1611ರ ಇಂಗ್ಲಿಷ್ ಬೈಬಲಿನವರೆಗೆ ಹೋಗಬೇಕಾಗುತ್ತದೆ. ಅಲ್ಲಿ ಯೋಸೇಫನೂ ಇಲ್ಲ, ಸಿಮೆಯೋನನೂ ಇಲ್ಲ ಎಂದು ಹಲುಬುವ ಮುದುಕ ಯಾಕೋಬ, ನನ್ನನ್ನು ಮಕ್ಕಳಿಲ್ಲದವನನ್ನಾಗಿ ಮಾಡಿದವರು ನೀವೇ ಎಂದು ಎದುರು ನಿಂತ ಗಂಡುಮಕ್ಕಳಿಗೆ ಈ ಕ್ರಿಯಾಪದವನ್ನೇ ಬಳಸಿ ಹೇಳುತ್ತಾನೆ. ಆ ವಾಕ್ಯದಲ್ಲಿ ಕಿತ್ತುಕೊಂಡವರು ಯಾರೆಂಬುದು ಸ್ಪಷ್ಟವಾಗಿದೆ. ಇಂದಿನ ಬಳಕೆಯಲ್ಲಿ ಆ ಕರ್ತೃಪದ ಸಾಮಾನ್ಯವಾಗಿ ಬರುವುದೇ ಇಲ್ಲ, ಕಳೆದುಕೊಂಡವರು ಮಾತ್ರ ಉಳಿದಿದ್ದಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಕನ್ನಡದಲ್ಲಿ ಏನೆಂದು ಬರೆಯುವುದು? ನಮ್ಮ ಕಾರ್ಯದರ್ಶಿಗಳು ‘ದುಃಖತಪ್ತ ಕುಟುಂಬ’ ಎನ್ನುತ್ತಾರೆ.

ಉತ್ತರ 1ರವರು

ನಿಮ್ಮಲ್ಲಿ ಆದ ತೊಡಕಿಗೆ ಕಾರಣ ಪತ್ರಿಕೆಗಳ ನಿಧನವಾರ್ತೆಯಲ್ಲೇ ಸಿಗುತ್ತದೆ. ‘ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂಬಲ್ಲಿ ಅಗಲಿದವರು ತೀರಿಕೊಂಡವರೇ. ಪ್ರಿಯನನ್ನು ಅಗಲಿದವಳು ಎಂದು ಕಾವ್ಯದಲ್ಲಿ ಹೇಳಬಹುದು, ವ್ಯಾಕರಣಕ್ಕೆ ಅಡ್ಡಿಯಿಲ್ಲ. ಆದರೆ ತಿಥಿಯ ಶಾಮಿಯಾನದ ಪಕ್ಕದಲ್ಲಿ ‘ನಮ್ಮನ್ನಗಲಿದ’ ಎಂಬ ಫ್ಲೆಕ್ಸ್ ನೋಡಿ ಒಳಗೆ ಬಂದ ಜನರಿಗೆ ಆ ಪದ ಬೇರೆ ಯಾರಿಗೂ ಅನ್ವಯಿಸದು.

‘ದುಃಖತಪ್ತ’ ತಪ್ಪಲ್ಲ. ಆದರೆ ಅದು ದುಃಖವನ್ನು ಹೇಳುತ್ತದೆಯೇ ಹೊರತು ನಷ್ಟವನ್ನಲ್ಲ. ಹೊಳೆ ಉಕ್ಕಿ ಬೆಳೆ ಹೋದವರೂ ದುಃಖತಪ್ತರೇ. ‘ಅವರನ್ನು ಕಳೆದುಕೊಂಡ ಕುಟುಂಬದವರಿಗೆ’ ಎಂದು ಬರೆದರೆ ಇಂಗ್ಲಿಷಿನ ಅರ್ಥವೂ ಬರುತ್ತದೆ, ಓದಿದರೆ ಕಿವಿಗೂ ಹಿತವಾಗಿರುತ್ತದೆ. ಸಂಘದ ಮರಣ ಪರಿಹಾರದ ಕಾಗದಗಳಲ್ಲಿ ಇದೇ ಪದ ಬಂದರೆ ಮಾತ್ರ, ಅನುಕೂಲವೆಂದು ‘ವಾರಸುದಾರರು’ ಎಂದು ಬರೆದುಬಿಡಬೇಡಿ. ನಲವತ್ತು ವರ್ಷ ಜೊತೆಗಿದ್ದ ಸ್ನೇಹಿತನೂ ‘ಬಿರೀವ್ಡ್’ ಎನಿಸಿಕೊಳ್ಳುತ್ತಾನೆ, ಹಾಗೆಂದು ಅವನಿಗೆ ಷೇರು ವರ್ಗಾವಣೆಯಾಗುವುದಿಲ್ಲ.