ಆಫರ್ ಲೆಟರ್ ಬಂದಿದೆ, ಕೆಲಸ ಬಂದಿಲ್ಲ: ಕಾಯುವುದೇ, ಅಪ್ರೆಂಟಿಸ್ ಆಗಿ ಸೇರುವುದೇ?

ಹಾಸನದ ಪದವೀಧರ (ಪ್ರಶ್ನೆ):
ನಾನು 2023ರಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿದೆ. ಕ್ಯಾಂಪಸ್ ಸಂದರ್ಶನದಲ್ಲಿ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಆಯ್ಕೆಯಾಗಿದ್ದರೂ ಸೇರುವ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ. ಈ ನಡುವೆ ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 9,000 ರೂಪಾಯಿ ಸ್ಟೈಪೆಂಡ್‌ನ ಅಪ್ರೆಂಟಿಸ್ ಅವಕಾಶ ಸಿಕ್ಕಿದೆ. ಅದರಲ್ಲಿ ಬಹುಪಾಲು ಪಿ.ಜಿ. ಬಾಡಿಗೆಗೇ ಹೋಗುತ್ತದೆ. ನಿರುದ್ಯೋಗಿ ಪದವೀಧರರಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಯುವನಿಧಿಯ 3,000 ರೂಪಾಯಿ ಪಡೆಯುತ್ತ ಮನೆಯಲ್ಲೇ ಓದಿಕೊಂಡಿರು ಎಂದು ಅಪ್ಪ ಹೇಳುತ್ತಾರೆ. ಅನುಭವಿಗಳು ದಯವಿಟ್ಟು ಸಲಹೆ ನೀಡಬೇಕು.

2009ರ ಬ್ಯಾಚ್:
ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ 2008ರ ಸೆಪ್ಟೆಂಬರ್‌ನಲ್ಲಿ ಮುಳುಗಿದ ಮರುವರ್ಷ ಪದವಿ ಪಡೆದವನು ನಾನು. ನಮ್ಮ ಕೈಯಲ್ಲೂ ಇಂತಹದೇ ಪತ್ರವಿತ್ತು. ಅದನ್ನು ನಂಬಿ ಕುಳಿತ ನನ್ನ ಗೆಳೆಯರಿಗೆ ಪೆಟ್ಟು ಬಿದ್ದದ್ದು ನೇಮಕಾತಿ ನಿಂತಾಗಲ್ಲ, ಮತ್ತೆ ಆರಂಭವಾದಾಗ: ಕಂಪನಿಗಳು ನೇರವಾಗಿ ಹೊಸ ಬ್ಯಾಚಿನವರನ್ನು ಹುಡುಕಿಕೊಂಡು ಹೋದವು, ಹಳಬರನ್ನು ಮಾತ್ರ "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಕೇಳಿದವು. ಆರ್ಥಿಕ ಹಿಂಜರಿತದ ಕಾಲದಲ್ಲಿ ಪದವಿ ಪಡೆದ ಕೆನಡಾದ ಯುವಕರ ಕುರಿತ ಅಧ್ಯಯನವೊಂದರ ಪ್ರಕಾರ, ಆರಂಭದ ಸಂಬಳದ ಕೊರತೆ ತುಂಬಲು ಸುಮಾರು ಹತ್ತು ವರ್ಷ ಹಿಡಿಯಿತು, ಮತ್ತು ಆ ಚೇತರಿಕೆ ಹೆಚ್ಚಾಗಿ ಬಂದದ್ದು ಕ್ರಮೇಣ ಉತ್ತಮ ಕಂಪನಿಗಳಿಗೆ ಬದಲಾದುದರಿಂದ. ಆದ್ದರಿಂದ ಮೊದಲ ಕೆಲಸ ಚಿಕ್ಕದಾಯಿತೆಂದು ಅಂಜಬೇಡಿ, ಅಲ್ಲಿಂದ ಮುಂದೆ ಹೋಗಲು ದಾರಿಯಿದೆಯೇ ಎಂಬುದನ್ನಷ್ಟೇ ನೋಡಿ. ಇನ್ಫೊಸಿಸ್‌ನಂತಹ ಕಂಪನಿಯಲ್ಲೇ 2023-24ರಲ್ಲಿ ಉದ್ಯೋಗಿಗಳ ಸಂಖ್ಯೆ ಸುಮಾರು 26 ಸಾವಿರ ಇಳಿದಿರುವಾಗ, ಒಂದು ಇ-ಮೇಲ್‌ಗಾಗಿ ವರ್ಷ ಕಳೆಯುವುದು ಜಾಣತನವಲ್ಲ.

ಪ್ಲೇಸ್‌ಮೆಂಟ್ ವಿಭಾಗದವರು:
ಮೇಲಿನವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಂಪ್ಯೂಟರ್ ಪದವೀಧರರನ್ನು ಅಪ್ರೆಂಟಿಸ್ ಎಂದು ತೆಗೆದುಕೊಂಡು, ವರ್ಷವಿಡೀ ಗೇಟ್‌ಪಾಸ್ ಬರೆಯಲು, ಸ್ಟೋರ್ಸ್‌ನ ದಾಸ್ತಾನನ್ನು ಎಕ್ಸೆಲ್‌ಗೆ ತುಂಬಲು ಕೂರಿಸಿದ್ದನ್ನು ಕಂಡಿದ್ದೇನೆ. ಅಂತಹ ಅನುಭವಕ್ಕಿಂತ ಮನೆಯಲ್ಲಿ ಕುಳಿತು ಒಂದು ಒಳ್ಳೆಯ ಪ್ರಾಜೆಕ್ಟ್ ಮಾಡುವುದೇ ಲೇಸು. ಯಾವ ವಿಭಾಗ, ಯಾರ ಕೈಕೆಳಗೆ, ಯಾವ ಸಾಫ್ಟ್‌ವೇರ್ ಎಂದು ಮೊದಲು ಕೇಳಿ. ಎರಡನೆಯದಾಗಿ, ಒಪ್ಪಂದ 1961ರ ಅಪ್ರೆಂಟಿಸ್ ಕಾಯ್ದೆಯಡಿ ನ್ಯಾಟ್ಸ್ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ನೋಂದಣಿಯಾಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ವರ್ಷದ ಕೊನೆಗೆ ಸರ್ಕಾರಿ ಪ್ರಮಾಣಪತ್ರ ಸಿಗುವುದಿಲ್ಲ. ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೆ ಯುವನಿಧಿ ಬರುವುದಿಲ್ಲ ಎಂಬುದನ್ನು ನಿಮ್ಮ ತಂದೆಯವರಿಗೂ ತಿಳಿಸಿ. ಆ ನೆರವಿಗೂ ಎರಡು ವರ್ಷದ ಮಿತಿಯಿದೆ.

ಹಾಸನದ ಪದವೀಧರ:
ಧನ್ಯವಾದಗಳು ಸರ್. ವಿಚಾರಿಸಿದೆ. ಉತ್ಪಾದನಾ ಯೋಜನೆಯ ಇ.ಆರ್.ಪಿ. (ಕಾರ್ಖಾನೆಯ ವಿಭಾಗಗಳ ವ್ಯವಹಾರವನ್ನು ಒಂದೆಡೆ ನಿರ್ವಹಿಸುವ ಸಾಫ್ಟ್‌ವೇರ್) ನೋಡಿಕೊಳ್ಳುವ ಇಬ್ಬರ ತಂಡದಲ್ಲಿ ಡೇಟಾಬೇಸ್ ವರದಿಗಳ ಕೆಲಸ ಎಂದರು, ನೋಂದಣಿಯೂ ಇದೆಯಂತೆ. ನಡುವೆ ಸಾಫ್ಟ್‌ವೇರ್ ಕಂಪನಿಯಿಂದ ಕರೆ ಬಂದರೆ ಬಿಟ್ಟು ಹೋಗಬಹುದೇ?

2009ರ ಬ್ಯಾಚ್:
ಇ.ಆರ್.ಪಿ. ಎಂದಾದರೆ ಸೇರಿಕೊಳ್ಳಿ, ಎಸ್‌.ಕ್ಯು.ಎಲ್. (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕೈಗೆ ಹತ್ತುತ್ತದೆ. ಬಿಡುವ ವಿಚಾರಕ್ಕೆ ಒಪ್ಪಂದದಲ್ಲಿ ಅವಧಿಗೆ ಮುನ್ನ ಹೊರಬರುವ ಷರತ್ತನ್ನು ಓದಿ, ಪರಿಹಾರ ಕಟ್ಟಬೇಕಾಗುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ಬಳಿಯೂ ಬಿಟ್ಟುಬರಬೇಡಿ.